ಲೆಕ್ಕ ಬರುತ್ತಿತ್ತು, ಫೈಲ್ ಸಿಗುತ್ತಿರಲಿಲ್ಲ: ಕಮ್ಯೂನಿಟಿ ಕಾಲೇಜಿನಲ್ಲಿ ಅಕ್ಕನ ಎರಡು ವರ್ಷ

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಕ್ಯಾಲಿಫೋರ್ನಿಯಾದ ಈಸ್ಟ್ ಬೇ ಕಡೆ ನಾವಿರುವ ಅಪಾರ್ಟ್‌ಮೆಂಟಿನಲ್ಲಿ ಎರಡು ಮನೆ ಆಚೆಗಿರುವವರು. ದಾವಣಗೆರೆಯವರು. ನನಗಿಂತ ಹತ್ತು ವರ್ಷ ದೊಡ್ಡವರು. ಹಾಗಾಗಿ ಅವರು ಅಕ್ಕ, ಅವರ ಯಜಮಾನರು ಭಾವ. ಅವರು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ, ಉಳಿದದ್ದನ್ನೆಲ್ಲ ಇದ್ದ ಹಾಗೇ ಬರಿ ಎಂದರು.

ಇಲ್ಲಿಗೆ ಬಂದ ನಮ್ಮ ಕಡೆಯ ಹೆಂಗಸರು ಕಮ್ಯೂನಿಟಿ ಕಾಲೇಜಿಗೆ ಸೇರಬೇಕು ಅಂತಿದ್ದೀನಿ ಎಂದರೆ ನಾವೆಲ್ಲ ಮೊದಲು ಕೇಳುವುದು ಯಾವ ಕೋರ್ಸ್ ಎಂದು. ಆಮೇಲೆ ಸಲಹೆ ಶುರುವಾಗುತ್ತದೆ. ಮೆಡಿಕಲ್ ಬಿಲ್ಲಿಂಗ್ ಮಾಡು, ಪ್ರಿಸ್ಕೂಲ್ ಟೀಚರ್ ಆಗು, ಟೆಸ್ಟಿಂಗ್ ಕಲಿ. ಅದಕ್ಕೂ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಇದೆ. ಅಕ್ಕನ ವಿಷಯದಲ್ಲಿ ಅದನ್ನು ನಾನು ಕೇಳಲಿಲ್ಲ. ಅದರಿಂದ ಅವರ ಒಂದು ಸೆಮಿಸ್ಟರ್ ಹೋಯಿತು. ಇನ್ನೊಬ್ಬರಿಗೆ ಹಾಗಾಗದಿರಲಿ ಎಂದು ನಡೆದದ್ದನ್ನು ವಿವರವಾಗಿ ಇಡುತ್ತಿದ್ದೇನೆ.

ಯಾರು, ಎಲ್ಲಿಂದ

ಅಕ್ಕ ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿದವರು. ಕಾಲೇಜಿನ ಜೊತೆಗೇ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಇಂಗ್ಲಿಷ್ ಜೂನಿಯರ್, ಸೀನಿಯರ್ ಎರಡೂ ಪಾಸು ಮಾಡಿದ್ದರು. ಆಮೇಲೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಮಂಡಿಯಲ್ಲಿ ಏಳು ವರ್ಷ ಲೆಕ್ಕ ಬರೆದರು. ಮೊದಮೊದಲು ಕೆಂಪು ರಟ್ಟಿನ ಕಿರ್ದಿ ಪುಸ್ತಕ, ಖಾತೆ ಪುಸ್ತಕ. ಆಮೇಲೆ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ. ಮೆಕ್ಕೆಜೋಳದ ಸುಗ್ಗಿಯಲ್ಲಿ ರಾತ್ರಿ ಒಂಬತ್ತಾದರೂ ತಾಳೆ ಆಗದೆ ಮನೆಗೆ ಹೊರಡುತ್ತಿರಲಿಲ್ಲವಂತೆ. ಮದುವೆ, ಮಗು, ಬೆಂಗಳೂರು, ಕೊನೆಗೆ 2016ರಲ್ಲಿ ಅಮೆರಿಕ.

ಭಾವ ಸಾಫ್ಟ್‌ವೇರ್ ಇಂಜಿನಿಯರ್, ಎಚ್-1ಬಿ ಎಂಬ ಕೆಲಸದ ವೀಸಾ. ಅಕ್ಕನದು ಅಂಥವರ ಹೆಂಡತಿಗೆ ಸಿಗುವ ಎಚ್-4. ಆ ವೀಸಾದವರಿಗೆ ಓದಲು ಅಡ್ಡಿಯಿಲ್ಲ. ಆದರೆ ಕೆಲಸ ಮಾಡಬೇಕಾದರೆ ಬೇರೆ ಪರವಾನಗಿ ಬೇಕು. ಗಂಡನ ಗ್ರೀನ್ ಕಾರ್ಡಿಗಾಗಿ ಹಾಕಿದ ಐ-140 ಎಂಬ ಅರ್ಜಿ ಮಂಜೂರಾಗಿದ್ದರೆ ಹೆಂಡತಿಗೆ ಕೆಲಸದ ಕಾರ್ಡ್ ಕೊಡುವ ನಿಯಮ 2015ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಇಲ್ಲಿ ಎಲ್ಲರೂ ಅದನ್ನು ಇಎಡಿ ಅಂತಾರೆ. ಅಕ್ಕನಿಗೆ ಅದು ಕೈಗೆ ಬಂದದ್ದು 2022ರ ಬೇಸಿಗೆಯಲ್ಲಿ. ಮಗ ಆಗ ಎಂಟನೇ ತರಗತಿ.

ಕಾರ್ಡ್ ಬಂದ ದಿನ ಅವರು ಹೋಳಿಗೆ ಮಾಡಿದ್ದರು. ನನ್ನನ್ನು ಕೂರಿಸಿಕೊಂಡು ಹೇಳಿದರು: "ನೋಡವ್ವ, ನಂಗೆ ಲೆಕ್ಕ ಬರ್ತತಿ. ಆದ್ರೆ ಇಲ್ಲಿನ ಲೆಕ್ಕ ಹೆಂಗ್ ಬರೀತಾರೋ ಗೊತ್ತಿಲ್ಲ. ಎಲ್ಲಿ ಕಲೀಬೇಕು ಹೇಳು."

ಕಾಲೇಜಿನ ಬಗ್ಗೆ ಎರಡು ಮಾತು

ನಮ್ಮೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟು, ಐಟಿಐ, ಸಂಜೆ ಕಾಲೇಜು, ಡಿಗ್ರಿ ಕಾಲೇಜಿನ ಮೊದಲ ಎರಡು ವರ್ಷ, ಎಲ್ಲವನ್ನೂ ಒಂದೇ ಗೇಟಿನೊಳಗೆ ಇಟ್ಟರೆ ಹೇಗಿರುತ್ತದೋ ಅದೇ ಇಲ್ಲಿನ ಕಮ್ಯೂನಿಟಿ ಕಾಲೇಜು. ಇಂಥ ಮೊದಲ ಸರ್ಕಾರಿ ಕಾಲೇಜು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಶುರುವಾಯಿತು. ಕ್ಯಾಲಿಫೋರ್ನಿಯಾ 1907ರಲ್ಲಿ ಕಾನೂನು ಮಾಡಿತು, 1910ರಲ್ಲಿ ಫ್ರೆಸ್ನೋದಲ್ಲಿ ಮೊದಲ ಕಾಲೇಜು ಬಂತು. ಈಗ ಈ ಒಂದೇ ರಾಜ್ಯದಲ್ಲಿ 116 ಇವೆ. ಹದಿನೆಂಟು ತುಂಬಿದವರು ಯಾರು ಬೇಕಾದರೂ ಸೇರಬಹುದು. ಪ್ರವೇಶ ಪರೀಕ್ಷೆ ಇಲ್ಲ, ಇಷ್ಟು ಪರ್ಸೆಂಟ್ ಬೇಕು ಎಂಬ ಮಾತಿಲ್ಲ.

ಫೀಸಿನ ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು. 1984ರ ತನಕ ಇಲ್ಲಿ ಫೀಸೇ ಇರಲಿಲ್ಲ. ಕೋರ್ಸನ್ನು ಇಲ್ಲಿ ಯೂನಿಟ್ ಲೆಕ್ಕದಲ್ಲಿ ಅಳೆಯುತ್ತಾರೆ. 2012ರಿಂದ ಒಂದು ಯೂನಿಟ್‌ಗೆ 46 ಡಾಲರ್. ಆದರೆ ಇದು ಕ್ಯಾಲಿಫೋರ್ನಿಯಾ ನಿವಾಸಿ ಎಂದು ಕಾಲೇಜು ಒಪ್ಪಿದವರಿಗೆ ಮಾತ್ರ. ಒಂದು ವರ್ಷ ಒಂದು ದಿನ ಇಲ್ಲೇ ಇದ್ದಿರಬೇಕು, ಇಲ್ಲೇ ನೆಲೆಸುವ ಉದ್ದೇಶವಿದೆ ಎಂಬುದಕ್ಕೆ ಕಾಗದ ತೋರಿಸಬೇಕು. ಎಚ್-4 ನವರಿಗೂ ಇದು ಸಿಗುತ್ತದೆ. ಎಫ್-1 ವಿದ್ಯಾರ್ಥಿಗಳಿಗೆ ಸಿಗುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ನಮಗೆ ಅದೆಲ್ಲ ಆಗಲ್ಲ ಎಂದು ಸುಮ್ನೆ ಕೂತಿರುತ್ತಾರೆ.

ಇನ್ನೊಂದು ವಿಷಯ ಇನ್ನೂ ಕಡಿಮೆ ಜನಕ್ಕೆ ಗೊತ್ತು. ಯೂನಿಟ್ ಸಿಗುವ ಕ್ರೆಡಿಟ್ ಕ್ಲಾಸುಗಳ ಪಕ್ಕದಲ್ಲೇ ನಾನ್‌ಕ್ರೆಡಿಟ್ ಕ್ಲಾಸುಗಳಿರುತ್ತವೆ. ಬೇಸಿಕ್ ಕಂಪ್ಯೂಟರ್, ಇಂಗ್ಲಿಷ್ ಭಾಷೆ, ಸಣ್ಣ ಅವಧಿಯ ಉದ್ಯೋಗ ತರಬೇತಿ. ಇವಕ್ಕೆ ಫೀಸಿಲ್ಲ. ಯೂನಿಟ್ ಸಿಗುವುದಿಲ್ಲ, ಫೇಲಾದರೆ ಕಳೆದುಕೊಳ್ಳುವುದೂ ಏನಿಲ್ಲ. ಅದೇ ಕ್ಲಾಸಿಗೆ ಎಷ್ಟು ಸಲ ಬೇಕಾದರೂ ಬಂದು ಕೂರಬಹುದು. ಅಕ್ಕನ ಕಥೆ ತಿರುಗಿದ್ದು ಇಲ್ಲಿ. ಆದರೆ ನಾವು ಅಲ್ಲಿಗೆ ಮೊದಲೇ ಹೋಗಲಿಲ್ಲ.

ಮೊದಲ ಸೆಮಿಸ್ಟರ್

ಆನ್‌ಲೈನ್ ಅರ್ಜಿಯನ್ನು ತುಂಬಿಸಿದ್ದು ಭಾವ. ಆಫೀಸಿನ ಎರಡು ಮೀಟಿಂಗ್ ನಡುವೆ, ಇಪ್ಪತ್ತು ನಿಮಿಷದಲ್ಲಿ. ಈ ರಾಜ್ಯಕ್ಕೆ ಬಂದದ್ದು ಯಾವಾಗ ಎಂಬಲ್ಲಿ ಹೊಸ ಮನೆಯ ಬಾಡಿಗೆ ಕರಾರಿನ ತಾರೀಖು ಬಿತ್ತು. ಲೆಕ್ಕಕ್ಕೆ ಮೂರು ತಿಂಗಳ ನಿವಾಸಿ. ಬಿಲ್ ನೋಡಿದರೆ ಒಂದು ಯೂನಿಟ್‌ಗೆ ಮುನ್ನೂರು ಡಾಲರ್‌ಗೂ ಜಾಸ್ತಿ! ಹಳೆಯ ಬಾಡಿಗೆ ಕರಾರು, ರಾಜ್ಯದ ಟ್ಯಾಕ್ಸ್ ಕಾಗದ, ಡ್ರೈವಿಂಗ್ ಲೈಸೆನ್ಸ್, ವೀಸಾ ಪ್ರತಿ ಎಲ್ಲ ಕೊಟ್ಟ ಮೇಲೆ ಸರಿಯಾಯಿತು. ನಾಲ್ಕು ಯೂನಿಟ್‌ಗೆ 184 ಡಾಲರ್, ಮೇಲೆ ಸಣ್ಣ ಪುಟ್ಟ ಶುಲ್ಕ.

ಯಾವ ಕ್ಲಾಸು ಎಂದು ಹೇಳಿದವಳು ನಾನು. ಫೈನಾನ್ಷಿಯಲ್ ಅಕೌಂಟಿಂಗ್, ಪೂರ್ತಿ ಆನ್‌ಲೈನ್. ಬಿ.ಕಾಂ. ಆಗಿದೆ, ಟ್ಯಾಲಿ ಗೊತ್ತಿದೆ, ಟೈಪಿಂಗ್ ಬರುತ್ತದೆ. ಬೇಸಿಕ್ ಕಂಪ್ಯೂಟರ್ ಕ್ಲಾಸ್ ಯಾಕೆ? ಮನೆಯಲ್ಲೇ ಕೂತು ಮಾಡಬಹುದಲ್ಲ. ಅಕ್ಕ ದಿನವಿಡೀ ವಾಟ್ಸಾಪ್ ನೋಡುತ್ತಾರೆ, ಯೂಟ್ಯೂಬ್ ನೋಡಿ ಅಡುಗೆ ಮಾಡುತ್ತಾರೆ, ಊರಿಗೆ ಫೋನಿನಲ್ಲೇ ದುಡ್ಡು ಕಳಿಸುತ್ತಾರೆ. ಇಷ್ಟು ಸಾಕು ಎಂದುಕೊಂಡೆ.

ಎರಡನೇ ವಾರದ ಹೋಮ್‌ವರ್ಕ್ ಹೀಗಿತ್ತು. ಕಾಲೇಜಿನ ಕ್ಯಾನ್ವಾಸ್ ತಾಣದಿಂದ ಒಂದು ಎಕ್ಸೆಲ್ ಹಾಳೆ ಇಳಿಸಿಕೊಳ್ಳಬೇಕು. ಹತ್ತು ವ್ಯವಹಾರಗಳಿಗೆ ಜರ್ನಲ್ ಎಂಟ್ರಿ, ಅಂದರೆ ಡೆಬಿಟ್, ಕ್ರೆಡಿಟ್ ನಮೂದು ಬರೆಯಬೇಕು. ಸೇವ್ ಮಾಡಿ ವಾಪಸ್ ಅದೇ ತಾಣಕ್ಕೆ ಏರಿಸಬೇಕು. ಭಾನುವಾರ ರಾತ್ರಿ 11:59ರ ಒಳಗೆ.

ಅಕ್ಕ ಶುಕ್ರವಾರವೇ ಹತ್ತೂ ಎಂಟ್ರಿ ನೋಟ್‌ಬುಕ್ಕಿನಲ್ಲಿ ಬರೆದಿದ್ದರು. ಆ ಪುಟವನ್ನು ನಾನು ಆಮೇಲೆ ನೋಡಿದ್ದೇನೆ. ಮುತ್ತು ಪೋಣಿಸಿದಂಥ ಅಕ್ಷರ, ಒಂದೂ ತಪ್ಪಿಲ್ಲ. ಶನಿವಾರ ಅದನ್ನು ಎಕ್ಸೆಲ್‌ಗೆ ತುಂಬಿದರು. ಭಾನುವಾರ ಸಂಜೆ ಏರಿಸಲು ಕೂತರೆ ತುಂಬಿದ ಹಾಳೆ ಎಲ್ಲೂ ಕಾಣಿಸಲಿಲ್ಲ. ಮತ್ತೆ ಇಳಿಸಿಕೊಂಡರು, ಮತ್ತೆ ತುಂಬಿದರು. ಈಗ ಒಂದೇ ಹೆಸರಿನ ನಾಲ್ಕು ಫೈಲ್, ಕೊನೆಯಲ್ಲಿ ಒಂದು, ಎರಡು, ಮೂರು ಎಂಬ ಅಂಕಿ. ಏರಿಸಿದ್ದು ಖಾಲಿ ಹಾಳೆಯನ್ನು. ಸೊನ್ನೆ ಬಂತು.

ಮುಂದಿನ ವಾರ ನೋಟ್‌ಬುಕ್ಕಿನ ಫೋಟೊ ತೆಗೆದು ಏರಿಸಲು ನೋಡಿದರು. ಎಕ್ಸೆಲ್ ಫೈಲ್ ಬಿಟ್ಟು ಬೇರೆ ತೆಗೆದುಕೊಳ್ಳುವುದಿಲ್ಲ ಎಂದಿತು. ಮೇಷ್ಟ್ರು ಏನಾಯಿತು ಎಂದು ಎರಡು ಸಲ ಮೇಲ್ ಮಾಡಿದ್ದರು, ತಾವು ಸಿಗುವ ಆಫೀಸ್ ಅವರ್ಸ್‌ಗೆ ಬನ್ನಿ ಎಂದಿದ್ದರು. ಅದು ಹೋಗಿದ್ದು ಕಾಲೇಜು ಕೊಟ್ಟ ಹೊಸ ಮೇಲ್ ವಿಳಾಸಕ್ಕೆ. ಅಂಥದ್ದೊಂದು ವಿಳಾಸ ತಮಗಿದೆ ಎಂದೇ ಅಕ್ಕನಿಗೆ ಗೊತ್ತಿರಲಿಲ್ಲ. ಆನ್‌ಲೈನ್ ಪರೀಕ್ಷೆಗೆ ಬೇಕಾದ ತಂತ್ರಾಂಶ ಮಗನ ಶಾಲೆಯ ಲ್ಯಾಪ್‌ಟಾಪಿನಲ್ಲಿ ಕೂರಲಿಲ್ಲ. ಕಾಲೇಜಿನ ಖಾತೆಗೆ ಹೋಗಬೇಕಾದರೆ ಒಂದು ಕೋಡ್ ಬೇಕು. ಆ ಕೋಡ್ ಬರುವುದು ಭಾವನ ಫೋನಿಗೆ. ಭಾವ ಆಫೀಸಿನಲ್ಲಿ.

ಅಕ್ಟೋಬರ್ ಎರಡನೇ ವಾರ ಅಕ್ಕ ಕ್ಲಾಸ್ ಬಿಟ್ಟರು. ಫೀಸ್ ವಾಪಸ್ ಬರುವ ಗಡುವು ದಾಟಿತ್ತು. ಹೆಸರು ಸದ್ದಿಲ್ಲದೆ ಅಳಿಸಿಹೋಗುವ ಗಡುವೂ ದಾಟಿತ್ತು. ಹಾಗಾಗಿ ದಾಖಲೆಯಲ್ಲಿ ಒಂದು ಡಬ್ಲ್ಯೂ ಕೂತಿತು, ಅರ್ಧದಲ್ಲಿ ಬಿಟ್ಟವರು ಎಂಬ ಗುರುತು. ಅದರಿಂದ ಸರಾಸರಿ ಅಂಕವೇನೂ ಇಳಿಯುವುದಿಲ್ಲ. ಆದರೆ ಮನಸ್ಸು ಇಳಿಯುತ್ತದೆ. "ನನ್ನ ಕೈಲಿ ಆಗಲ್ಲವ್ವ, ನಂದು ಅಷ್ಟೇ" ಎಂದರು. ಲೆಕ್ಕದಲ್ಲಿ ಒಂದು ತಪ್ಪೂ ಮಾಡದವರು ಲೆಕ್ಕ ಬರುವುದಿಲ್ಲ ಎಂದು ನಂಬಿಬಿಟ್ಟಿದ್ದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಎಲ್ಲಿ ಎಡವಿದ್ದು

ಒಂದು ಶನಿವಾರ ಅವರ ಪಕ್ಕ ಕೂತು ಸುಮ್ಮನೆ ನೋಡಿದೆ. ಹಳೆಯ ಹೋಮ್‌ವರ್ಕನ್ನೇ ಇನ್ನೊಮ್ಮೆ ಮಾಡಿ ಎಂದೆ.

ಕೀಬೋರ್ಡ್ ಮೇಲೆ ಬೆರಳು ಓಡುವುದು ನೋಡಿದರೆ ಕಣ್ಣು ತಂಪಾಗುತ್ತದೆ. ನಾನು ಎರಡು ಬೆರಳಲ್ಲಿ ಕುಟ್ಟುವವಳು. ಅವರು ಕೀಲಿಗಳನ್ನು ನೋಡುವುದೇ ಇಲ್ಲ. ಎ ಎಸ್ ಡಿ ಎಫ್ ಎಂದು ದಿನಕ್ಕೆ ಒಂದು ಗಂಟೆ ಕುಟ್ಟಿಸಿದ ಇನ್‌ಸ್ಟಿಟ್ಯೂಟಿನ ಪುಣ್ಯ. ಆದರೆ ಮೊತ್ತ ಬರೆಯುವಾಗ ಪಕ್ಕದ ಕ್ಯಾಲ್ಕುಲೇಟರ್ ತೆಗೆದು ಕೂಡಿದರು, ಬಂದ ಉತ್ತರವನ್ನು ಎಕ್ಸೆಲ್ ಹಾಳೆಯ ಚೌಕದಲ್ಲಿ ಟೈಪ್ ಮಾಡಿದರು. ಎಕ್ಸೆಲ್ ತಾನೇ ಕೂಡುತ್ತದೆ ಎಂದು ಯಾರೂ ಅವರಿಗೆ ತೋರಿಸಿರಲಿಲ್ಲ. ಮುಗಿದ ಮೇಲೆ ಸೇವ್ ಎಂದು ಒತ್ತಿದರು. ಎಲ್ಲಿ ಸೇವ್ ಆಯ್ತು ಅಕ್ಕ ಎಂದೆ. "ಎಲ್ಲಿ ಅಂದ್ರೆ? ಒಳಗೆ" ಎಂದರು.

ಆ ಉತ್ತರ ಕೇಳಿದಾಗ ನನಗೆ ವಿಷಯ ಅರ್ಥವಾಯಿತು. ಅಕ್ಕನ ಕಂಪ್ಯೂಟರ್ ಅನುಭವ ಎಂದರೆ ಎರಡೇ. ಒಂದು ಟ್ಯಾಲಿ, ಇನ್ನೊಂದು ಫೋನ್. ಟ್ಯಾಲಿಯಲ್ಲಿ ಎಫ್5 ಒತ್ತಿದರೆ ಪೇಮೆಂಟ್, ಎಫ್6 ರಸೀದಿ, ಎಫ್7 ಜರ್ನಲ್. ವೋಚರ್ ತುಂಬಿ ಸರಿ ಎಂದರೆ ಮುಗಿಯಿತು. ಅದು ಎಲ್ಲಿ ಹೋಗಿ ಕೂರುತ್ತದೆ, ಯಾವ ಹೆಸರಿನಲ್ಲಿ ಕೂರುತ್ತದೆ ಎಂಬ ಚಿಂತೆ ಬರೆಯುವವರಿಗಿಲ್ಲ. ಫೋನೂ ಹಾಗೇ. ಫೋಟೊ ತೆಗೆದರೆ ಗ್ಯಾಲರಿಯಲ್ಲಿ ಇರುತ್ತದೆ. ಮೆಸೇಜು ಬಂದರೆ ವಾಟ್ಸಾಪಿನಲ್ಲಿ ಇರುತ್ತದೆ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಅವರಿಗೆ ಫೈಲ್ ಒಂದಕ್ಕೆ ಹೆಸರಿಟ್ಟು, ಜಾಗ ಗೊತ್ತುಮಾಡಿ, ಆಮೇಲೆ ಅದನ್ನು ಹುಡುಕಿ ತೆಗೆಯುವ ಕೆಲಸ ಬಂದಿರಲಿಲ್ಲ. ಅವರು ಬಳಸಿದ ಎರಡು ಸಾಧನಗಳೂ ಆ ಕೆಲಸವನ್ನು ಅವರ ಕಣ್ಣಿಗೆ ಬೀಳದ ಹಾಗೆ ತಾವೇ ಮಾಡಿಬಿಡುತ್ತಿದ್ದವು.

ಕಾಲೇಜಿನ ಆನ್‌ಲೈನ್ ಕ್ಲಾಸ್ ನಿಂತಿರುವುದೇ ಆ ಕೆಲಸದ ಮೇಲೆ. ಇಳಿಸು, ಹೆಸರಿಡು, ಇಡು, ಹುಡುಕು, ಏರಿಸು. ಕೋರ್ಸಿನ ವಿವರದಲ್ಲಿ ಇದು ಬೇಕು ಎಂದು ಬರೆದಿರುವುದು ಕಡಿಮೆ. ಬರೆದರೂ ಕಂಪ್ಯೂಟರ್ ಪರಿಚಯವಿರಬೇಕು ಎಂಬ ಒಂದು ಸಾಲು. ಟ್ಯಾಲಿ ಮಾಡಿದವರು ಆ ಸಾಲು ಓದಿ ನನಗಿದೆಯಲ್ಲ ಎಂದುಕೊಳ್ಳುವುದು ಸಹಜವೇ.

ಎರಡನೆಯದು ಪಾಸ್‌ವರ್ಡ್. ಮನೆಯ ಎಲ್ಲ ಖಾತೆಗಳನ್ನೂ ತೆರೆದವರು ಭಾವ. ಬ್ಯಾಂಕು, ವಿಮೆ, ಮಗನ ಶಾಲೆ, ಈಗ ಅಕ್ಕನ ಕಾಲೇಜು. ಅವರು ಒಳ್ಳೆಯವರು, ಕೇಳಿದ ತಕ್ಷಣ ಮಾಡಿಕೊಡುವವರು. ಬಿಡು ನಾನು ಮಾಡ್ತೀನಿ ಎನ್ನುತ್ತಿದ್ದರು, ಮೌಸ್ ಅವರ ಕೈಗೆ ಹೋಗುತ್ತಿತ್ತು, ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಹೀಗೆ ಆರು ವರ್ಷ. ಪ್ರೀತಿಯಿಂದಲೇ ನಡೆದದ್ದು ಇದು. ನಮ್ಮ ಎಷ್ಟೋ ಮನೆಗಳಲ್ಲಿ ಹೀಗೇ ಇದೆ, ನನ್ನ ಮನೆಯಲ್ಲೂ ಅಮ್ಮನಿಗೆ ನಾನು ಇದನ್ನೇ ಮಾಡುತ್ತೇನೆ.

ಕೌನ್ಸಿಲರ್ ಕೇಳಿದ ಪ್ರಶ್ನೆ

ಕಾಲೇಜಿನಲ್ಲಿ ಓದಿನ ಬಗ್ಗೆ ಸಲಹೆ ಕೊಡುವ ಕೌನ್ಸಿಲರ್ ಭೇಟಿಗೆ ದುಡ್ಡು ಕೊಡಬೇಕಿಲ್ಲ. ನವೆಂಬರ್‌ನಲ್ಲಿ ಒಂದು ದಿನ ಅಕ್ಕನನ್ನು ಕರೆದುಕೊಂಡು ಹೋದೆ. ಕೌನ್ಸಿಲರ್ ಡಬ್ಲ್ಯೂ ಬಗ್ಗೆ ಏನೂ ಹೇಳಲಿಲ್ಲ. ಊರಿನಲ್ಲಿ ದಿನಾ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು. ಅಕ್ಕ ತಡವರಿಸುತ್ತಾ ಮಂಡಿ, ರೈತರ ಪಟ್ಟಿ, ಹಮಾಲಿ, ಕಮಿಷನ್, ತಾಳೆ ಎಲ್ಲ ಹೇಳಿದರು. ನಾನು ಅಲ್ಲಲ್ಲಿ ಇಂಗ್ಲಿಷ್ ಪದ ಸೇರಿಸಿದೆ. ಕೌನ್ಸಿಲರ್ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು, ಇದು ಏಳು ವರ್ಷದ ಬುಕ್‌ಕೀಪಿಂಗ್ ಅನುಭವ ಎಂದು ಕೆಳಗೆ ಗೆರೆ ಎಳೆದರು. ಆಮೇಲೆ ಇನ್ನೊಂದು ಮಾತು ಕೇಳಿದರು. ನೀವು ಲೆಕ್ಕವನ್ನೂ ಕಂಪ್ಯೂಟರನ್ನೂ ಒಂದೇ ಸಲ ಮಾರ್ಕ್ಸಿಗೆ ಇಟ್ಟಿರಲ್ಲ, ಒಂದನ್ನು ಮಾರ್ಕ್ಸಿಲ್ಲದ ಕಡೆ ಕಲಿತು ಬಂದರೆ ಹೇಗೆ?

ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಇದು.

ಪ್ರಿಸ್ಕೂಲ್ ದಾರಿಯ ಮಾತೂ ಅಲ್ಲಿ ಬಂತು. ಶಿಶು ಶಿಕ್ಷಣದ 12 ಯೂನಿಟ್ ಮಾಡಿಕೊಂಡು ಪ್ರಿಸ್ಕೂಲ್ ಸೇರಿದ ಕನ್ನಡದ ಹೆಂಗಸರು ನಮ್ಮ ಸುತ್ತಲೇ ಹಲವರಿದ್ದಾರೆ. ಬೇಗ ಕೆಲಸ ಸಿಗುವ ದಾರಿ. ಎಲ್ಲರೂ ಅದನ್ನೇ ಹೇಳಿದ್ದರು. ಅಕ್ಕ ಬೇಡ ಎಂದರು. ಮಕ್ಕಳು ಇಷ್ಟ, ಆದರೆ ದಿನವಿಡೀ ಅಂಕಿ ನೋಡುವುದು ಇನ್ನೂ ಇಷ್ಟ ಎಂದರು. ಇದನ್ನು ಹೇಳಲು ಅವರಿಗೆ ಸಂಕೋಚವಿತ್ತು. ಹೇಳಿದ್ದು ಒಳ್ಳೆಯದಾಯಿತು.

ಮಾರ್ಕ್ಸಿಲ್ಲದ ಕ್ಲಾಸು

2023ರ ಜನವರಿ ಕೊನೆಯಲ್ಲಿ ಬೇಸಿಕ್ ಕಂಪ್ಯೂಟರ್ ಕ್ಲಾಸು ಶುರುವಾಯಿತು. ಮಂಗಳವಾರ, ಗುರುವಾರ ಸಂಜೆ. ಕ್ಲಾಸಿನಲ್ಲಿ ಒಬ್ಬ ವಿಯೆಟ್ನಾಂ ಅಜ್ಜಿ, ಮನೆಗೆ ಬಣ್ಣ ಹೊಡೆಯುವ ಕೆಲಸದ ಮೆಕ್ಸಿಕೋದವರೊಬ್ಬರು, ಹೊಸದಾಗಿ ಬಂದ ಇಬ್ಬರು ಅಫ್ಘನ್ ಹೆಂಗಸರು. ನಮ್ಮ ಕಡೆಯ ಫ್ರೀಮಾಂಟ್ ಊರಿನ ಸುತ್ತಮುತ್ತ ಅಫ್ಘನ್ನರು ತುಂಬಾ ಇದ್ದಾರೆ.

ಟೀಚರಿಗೆ ಒಂದು ನಿಯಮವಿತ್ತು. ವಿದ್ಯಾರ್ಥಿಯ ಮೌಸನ್ನು ಅವರು ಮುಟ್ಟುತ್ತಿರಲಿಲ್ಲ. ಯಾರಾದರೂ ಕೈ ಎತ್ತಿದರೆ ಪಕ್ಕ ಬಂದು ನಿಲ್ಲುತ್ತಿದ್ದರು, ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಬಾಯಲ್ಲಿ ಮಾತ್ರ ಹೇಳುವುದು. ಹತ್ತು ನಿಮಿಷ ಹಿಡಿದರೆ ಹತ್ತು ನಿಮಿಷ. ಅಕ್ಕ ಇದನ್ನು ಮನೆಗೆ ಬಂದು ಹೇಳಿದಾಗ ಭಾವ ತುಂಬಾ ಹೊತ್ತು ಏನೂ ಮಾತಾಡಲಿಲ್ಲವಂತೆ. ಆ ವಾರವೇ ಕಾಲೇಜಿನ ಖಾತೆಯ ಕೋಡ್ ಅಕ್ಕನ ಫೋನಿಗೆ ಬರುವ ಹಾಗೆ ಬದಲಾಯಿತು. ಬದಲಾಯಿಸಿದವರು ಅಕ್ಕ. ಭಾವ ಪಕ್ಕದಲ್ಲಿ ನಿಂತಿದ್ದರು.

ಮೊದಲ ವಾರ ಕೀಬೋರ್ಡ್. ಅಕ್ಕ ಟೈಪ್ ಮಾಡುವುದನ್ನು ನೋಡಿ ಟೀಚರು ಉಳಿದವರನ್ನು ಕರೆದು ತೋರಿಸಿದರು. ಆ ಅಜ್ಜಿಗೆ ಬೆರಳು ಇಡುವುದನ್ನು ಹೇಳಿಕೊಡುವ ಕೆಲಸ ಅಕ್ಕನದಾಯಿತು. ಡಬ್ಲ್ಯೂ ಹೊತ್ತುಕೊಂಡು ಬಂದವರಿಗೆ ಅದರಿಂದ ಎಷ್ಟು ಬಲ ಬಂತೆಂದು ನಾನು ಕಣ್ಣಾರೆ ಕಂಡೆ. ಒಂದು ವಿದ್ಯೆ ಕೈಯಲ್ಲಿದೆ ಎಂದು ಗೊತ್ತಾದ ಮೇಲೆ ಇನ್ನೊಂದು ಬರದಿದ್ದರೆ ಹೆದರಿಕೆ ಕಡಿಮೆ.

ಫೋಲ್ಡರ್ ಪಾಠ ಬಂದಾಗ ಟೀಚರು ನಿಜವಾದ ರಟ್ಟಿನ ಫೋಲ್ಡರುಗಳನ್ನೇ ತಂದಿದ್ದರು. ಒಂದರೊಳಗೆ ಇನ್ನೊಂದು, ಅದರೊಳಗೆ ಕಾಗದ. ಅಕ್ಕನಿಗೆ ಅದು ತಟ್ಟನೆ ಹೊಳೆಯಿತು. ಮಂಡಿಯ ಕಪಾಟಿನಲ್ಲಿ ವರ್ಷಕ್ಕೊಂದು ಸಾಲು, ಸಾಲಿನಲ್ಲಿ ಊರಿಗೊಂದು ಕಟ್ಟು, ಕಟ್ಟಿನಲ್ಲಿ ರೈತನಿಗೊಂದು ಖಾತೆ. "ಕಪಾಟೇ ಅಲ್ವಾ ಇದು! ಮೊದ್ಲೇ ಹಿಂಗಂದಿದ್ರೆ ಆಗ್ತಿತ್ತು" ಎಂದರು ನನಗೆ. ಫೈಲಿಗೆ ಹೆಸರಿಡುವುದನ್ನು ಅಲ್ಲಿಂದಲೇ ಕಟ್ಟಿಕೊಂಡರು. ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಆಮೇಲೆ ಏನು ಎಂಬುದು. ಹೀಗಿಟ್ಟರೆ ಫೈಲುಗಳು ತಾವೇ ತಾರೀಖಿನ ಸಾಲಿನಲ್ಲಿ ನಿಲ್ಲುತ್ತವೆ.

ತಾರೀಖು ಎಂದಾಗ ನೆನಪಾಯಿತು. ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ. 3/4 ಎಂದು ಬರೆದರೆ ನಮಗೆ ಏಪ್ರಿಲ್ ಮೂರು, ಇವರಿಗೆ ಮಾರ್ಚ್ ನಾಲ್ಕು. ಅಲ್ಪವಿರಾಮವೂ ಬೇರೆ. ನಾವು ಒಂದು ಲಕ್ಷವನ್ನು 1,00,000 ಎಂದು ಬರೆದರೆ ಇವರು 100,000 ಎನ್ನುತ್ತಾರೆ. ಅಂಕಿಯನ್ನು ಕಣ್ಣಲ್ಲೇ ಅಳೆದು ಅಭ್ಯಾಸವಾದವರಿಗೆ ಇದು ತುಂಬಾ ದಿನ ಕಾಡುತ್ತದೆ. ಲೆಕ್ಕದ ವರ್ಷ ನಮ್ಮಲ್ಲಿ ಏಪ್ರಿಲ್‌ನಿಂದ ಮಾರ್ಚ್, ಇಲ್ಲಿನ ಸಣ್ಣ ಅಂಗಡಿಗಳಲ್ಲಿ ಹೆಚ್ಚಾಗಿ ಜನವರಿಯಿಂದ ಡಿಸೆಂಬರ್.

ಎಕ್ಸೆಲ್ ಪಾಠದ ದಿನ ಡೆಬಿಟ್ ಸಾಲಿನ ಕೆಳಗೆ ಒಂದು ಮೊತ್ತ, ಕ್ರೆಡಿಟ್ ಸಾಲಿನ ಕೆಳಗೆ ಒಂದು ಮೊತ್ತ, ಪಕ್ಕದ ಚೌಕದಲ್ಲಿ ಎರಡರ ವ್ಯತ್ಯಾಸ. ಮೇಲೆ ಒಂದು ಅಂಕಿ ಬದಲಾಯಿಸಿದರೆ ಕೆಳಗಿನ ಸೊನ್ನೆ ಹೋಗಿ ತಪ್ಪು ಕಾಣಿಸುತ್ತಿತ್ತು. ಸುಗ್ಗಿಯ ರಾತ್ರಿಗಳಲ್ಲಿ ಮೂರು ಸಲ ಕೂಡಿ ಕಳೆದು ತಾಳೆ ನೋಡಿದವರಿಗೆ ಆ ಸೊನ್ನೆಯ ಬೆಲೆ ಗೊತ್ತು, ಬೇರೆಯವರಿಗೆ ಗೊತ್ತಾಗುವುದಿಲ್ಲ. ಕ್ಯಾಲ್ಕುಲೇಟರನ್ನು ಆವತ್ತೇ ಡ್ರಾಯರಿನಲ್ಲಿಟ್ಟರು.

ಮೇ ತಿಂಗಳಲ್ಲಿ ಕ್ಲಾಸು ಮುಗಿಯಿತು. ಅಕ್ಕ ಬೇಸಿಗೆಯಲ್ಲಿ ಸ್ಪ್ರೆಡ್‌ಶೀಟಿನ ಒಂದು ಸಣ್ಣ ಕ್ರೆಡಿಟ್ ಕ್ಲಾಸ್ ಮಾಡಿದರು.

ಮತ್ತೆ ಅದೇ ಅಕೌಂಟಿಂಗ್

2023ರ ಆಗಸ್ಟ್‌ನಲ್ಲಿ ಅದೇ ಫೈನಾನ್ಷಿಯಲ್ ಅಕೌಂಟಿಂಗ್‌ಗೆ ಮತ್ತೆ ಸೇರಿದರು. ಈ ಸಲ ಕ್ಯಾಂಪಸ್ಸಿನಲ್ಲಿ. ಎ ಗ್ರೇಡ್ ಬಂತು. ಇಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ವಿಷಯ ಅವರಿಗೆ ಗೊತ್ತಿತ್ತು, ಹೊಸ ಹೆಸರುಗಳನ್ನು ಹಳೆಯದರ ಪಕ್ಕ ಬರೆದುಕೊಂಡರು. ಗಿರಾಕಿಗಳಿಂದ ಬರಬೇಕಾದ ಬಾಕಿಗೆ ನಮ್ಮಲ್ಲಿ ಸಂಡ್ರಿ ಡೆಟರ್ಸ್ ಎಂದರೆ ಇಲ್ಲಿ ಅಕೌಂಟ್ಸ್ ರಿಸೀವಬಲ್. ಅಷ್ಟೇ.

2024ರ ವಸಂತದಲ್ಲಿ ಪೇರೋಲ್ ಎಂಬ ಸಂಬಳದ ಲೆಕ್ಕ ಮತ್ತು ಕ್ವಿಕ್‌ಬುಕ್ಸ್ ಎಂಬ ಇಲ್ಲಿನ ಲೆಕ್ಕದ ತಂತ್ರಾಂಶ. ಇಲ್ಲಿ ಮಾತ್ರ ಗುದ್ದಾಟ ನಡೆಯಿತು. ಕ್ವಿಕ್‌ಬುಕ್ಸ್ ಮಾಡುವ ಇಂಟ್ಯೂಟ್ ಕಂಪನಿ ಇರುವುದು ನಮಗೆ ಹತ್ತಿರದ ಮೌಂಟನ್ ವ್ಯೂ ಊರಿನಲ್ಲಿ, ಟ್ಯಾಲಿ ಇರುವುದು ಬೆಂಗಳೂರಿನಲ್ಲಿ. ಎರಡೂ ಕಂಪನಿಗಳು ಎಂಬತ್ತರ ದಶಕದಲ್ಲಿ ಹುಟ್ಟಿದವು. ಆದರೆ ತಂತ್ರಾಂಶಗಳ ಸ್ವಭಾವ ಬೇರೆ. ಟ್ಯಾಲಿ ಡೆಬಿಟ್, ಕ್ರೆಡಿಟ್ ಬಲ್ಲವರ ಕೈಗೆ ಹೇಳಿ ಮಾಡಿಸಿದ್ದು. ಕ್ವಿಕ್‌ಬುಕ್ಸ್ ಅಂಗಡಿಯವನೇ ಬರೆದುಕೊಳ್ಳಲಿ ಎಂದು ಡೆಬಿಟ್, ಕ್ರೆಡಿಟ್ಟನ್ನು ಪರದೆಯ ಹಿಂದೆ ಇಡುತ್ತದೆ. ಮುಂದೆ ಕಾಣುವುದು ಇನ್‌ವಾಯ್ಸ್, ಬಿಲ್, ಖರ್ಚು. ಡೆಬಿಟ್ ಎಲ್ಲಿ ಬಿತ್ತು ಎಂದು ಕಾಣದೆ ಅಕ್ಕನಿಗೆ ನಂಬಿಕೆಯೇ ಬರಲಿಲ್ಲ. ಪ್ರತಿ ವ್ಯವಹಾರದ ಹಿಂದಿನ ಜರ್ನಲ್ ತೋರಿಸುವ ವರದಿಯೊಂದು ಅದರಲ್ಲಿದೆ. ಅದು ಸಿಕ್ಕ ಮೇಲೆ ಪ್ರತಿ ಸಲ ಅದನ್ನು ತೆರೆದು ನೋಡುತ್ತಿದ್ದರು. ಬೇರೆಯವರು ಅರ್ಧ ಗಂಟೆಯಲ್ಲಿ ಮುಗಿಸಿದ್ದಕ್ಕೆ ಇವರಿಗೆ ಒಂದೂವರೆ ಗಂಟೆ. ನನ್ನ ಅನಿಸಿಕೆ, ಆ ಒಂದೂವರೆ ಗಂಟೆಯೇ ಮುಂದೆ ಅವರಿಗೆ ಅನ್ನ ಕೊಟ್ಟಿತು.

ಕೆಲಸ ಹುಡುಕುವಾಗ ರೆಸ್ಯೂಮೆ ಒಂದು ಪಾಠವಾಯಿತು. ಊರಿನ ಬಯೋಡೇಟಾದಲ್ಲಿ ತಂದೆಯ ಹೆಸರು, ಹುಟ್ಟಿದ ತಾರೀಖು, ಮದುವೆಯಾಗಿದೆಯೇ, ಫೋಟೊ ಎಲ್ಲ ಇತ್ತು. ಕಾಲೇಜಿನ ಕರಿಯರ್ ಸೆಂಟರಿನವರು ಎಲ್ಲವನ್ನೂ ತೆಗೆಸಿದರು. ಒಂದೇ ಪುಟ, ಮೊದಲ ಸಾಲಿನಲ್ಲೇ ಏಳು ವರ್ಷದ ಬುಕ್‌ಕೀಪಿಂಗ್. ನಡುವಿನ ವರ್ಷಗಳ ಬಗ್ಗೆ ಕೇಳಿದರೆ ಮಗುವನ್ನು ಬೆಳೆಸಿದೆ, ಈಗ ಓದು ಮುಗಿಸಿದ್ದೇನೆ ಎಂದು ನೇರವಾಗಿ ಹೇಳಿ ಎಂದರು. ಅದಕ್ಕೆ ನಾಚಿಕೆ ಪಡುವಂಥದ್ದೇನಿದೆ?

ಹದಿನಾರು ಕಡೆ ಅರ್ಜಿ ಹಾಕಿದರು. ಮೂರು ಕಡೆಯಿಂದ ಕರೆ ಬಂತು. 2024ರ ಸೆಪ್ಟೆಂಬರ್‌ನಲ್ಲಿ ಮನೆಗಳ ಎಸಿ, ಹೀಟರ್ ರಿಪೇರಿ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ವಾರಕ್ಕೆ ಇಪ್ಪತ್ತು ಗಂಟೆಯ ಕೆಲಸ ಸಿಕ್ಕಿತು. ಎರಡನೇ ವಾರದಲ್ಲೇ ಒಂದು ತಪ್ಪು ಅವರ ಕಣ್ಣಿಗೆ ಬಿತ್ತು. ಗಿರಾಕಿ ದುಡ್ಡು ಕೊಟ್ಟಾಗ ಇನ್‌ವಾಯ್ಸ್ ಮೇಲೆ ಒಮ್ಮೆ ಬರೆದಿದ್ದರು. ಅದೇ ಚೆಕ್ಕು ಬ್ಯಾಂಕಿಗೆ ಬಿದ್ದು ಕ್ವಿಕ್‌ಬುಕ್ಸ್‌ನಲ್ಲಿ ಕಾಣಿಸಿಕೊಂಡಾಗ ಹೊಸ ಆದಾಯ ಎಂದು ಇನ್ನೊಮ್ಮೆ ಒಪ್ಪಿಕೊಂಡಿದ್ದರು. ಒಂದೇ ದುಡ್ಡು ಎರಡು ಸಲ. ಜರ್ನಲ್ ತೆರೆದು ನೋಡುವ ಅಭ್ಯಾಸವಿಲ್ಲದವರಿಗೆ ಇದು ಸಿಗುವುದು ಕಷ್ಟ. ಬ್ಯಾಂಕ್ ತಾಳೆ ಮಾಡಿ ಐದು ತಿಂಗಳದ್ದನ್ನು ಅಕ್ಕ ಸರಿಪಡಿಸಿದರು.

ಈ ಪ್ರಕರಣದಿಂದ ಹೇಳಬಹುದಾದದ್ದು, ಹೇಳಲಾಗದ್ದು

ಬೇಸಿಕ್ ಕಂಪ್ಯೂಟರ್ ಕ್ಲಾಸ್ ಮಾಡಿದರೆ ಎಲ್ಲರಿಗೂ ಕೆಲಸ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅಕ್ಕನಿಗೆ ಕೆಲಸ ಕೊಟ್ಟದ್ದು ದಾವಣಗೆರೆಯ ಏಳು ವರ್ಷ. ಕ್ಲಾಸು ಆ ಏಳು ವರ್ಷವನ್ನು ಇಲ್ಲಿನವರಿಗೆ ಕಾಣುವ ಹಾಗೆ ಮಾಡಿತು. ಅವರ ಮನೆಯಲ್ಲಿ ಬಾಡಿಗೆ ಕಟ್ಟಲು ಇನ್ನೊಂದು ಸಂಬಳವಿತ್ತು, ಸಂಜೆ ಮಗನನ್ನು ನೋಡಿಕೊಳ್ಳಲು ಭಾವ ಇದ್ದರು. ಎರಡು ವರ್ಷ ಕಾಯಲು ಸಾಧ್ಯವಾದದ್ದು ಅದರಿಂದ. ಒಂಟಿಯಾಗಿ ದುಡಿದು ಮಕ್ಕಳನ್ನು ಸಾಕುವವರಿಗೆ ಈ ದಾರಿ ಇಷ್ಟು ಸಲೀಸಲ್ಲ.

ಬುಕ್‌ಕೀಪಿಂಗ್ ಕೆಲಸಗಳ ಸಂಖ್ಯೆ ಒಟ್ಟಾರೆ ಇಳಿಯುತ್ತದೆ ಎಂದು ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯೇ ಅಂದಾಜು ಮಾಡಿದೆ. ಬರೀ ನಮೂದಿಸುವ ಕೆಲಸ ಯಂತ್ರಕ್ಕೆ ಹೋಗುತ್ತಿದೆ. ನಿವೃತ್ತರಾಗುವವರ ಜಾಗಗಳು ಖಾಲಿಯಾಗುವುದರಿಂದ ಸದ್ಯ ಅವಕಾಶ ಇದೆ. ಅಕ್ಕನಿಗೆ ಇದು ಗೊತ್ತು. ಹಾಗಾಗಿ ಮುಂದಿನ ಹೆಜ್ಜೆ ಎಂದು ಬೇರೆಯವರ ತೆರಿಗೆ ಕಾಗದ ತುಂಬಿಕೊಡುವ ಟ್ಯಾಕ್ಸ್ ಪ್ರಿಪೇರರ್ ದಾರಿ ನೋಡುತ್ತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ 60 ಗಂಟೆಯ ಪಾಠ ಬೇಕು, 45 ಗಂಟೆ ಕೇಂದ್ರದ ತೆರಿಗೆ, 15 ಗಂಟೆ ರಾಜ್ಯದ್ದು. ಜೊತೆಗೆ 5,000 ಡಾಲರ್‌ನ ಭದ್ರತಾ ಬಾಂಡ್.

ಕೋರ್ಸ್ ಹುಡುಕುವ ಅಕ್ಕತಂಗಿಯರಿಗೆ ನಾನೀಗ ಮೊದಲು ಹೇಳುವುದು ಒಂದೇ. ಲ್ಯಾಪ್‌ಟಾಪ್ ತೆಗೆಯಿರಿ, ಒಂದು ಫೈಲ್ ಮಾಡಿ ಹೆಸರಿಡಿ, ಮುಚ್ಚಿ, ಅರ್ಧ ಗಂಟೆ ಬಿಟ್ಟು ಯಾರ ಸಹಾಯವೂ ಇಲ್ಲದೆ ಅದನ್ನು ಹುಡುಕಿ ನನಗೆ ಮೇಲ್ ಮಾಡಿ. ಬಂದರೆ ಯಾವ ಕೋರ್ಸಾದರೂ ನೋಡೋಣ. ಬರದಿದ್ದರೆ ನಾನ್‌ಕ್ರೆಡಿಟ್ ಕ್ಲಾಸಿಗೆ ನಾನೇ ಬಂದು ಬಿಟ್ಟು ಬರುತ್ತೇನೆ. ಎಂ.ಎ. ಮಾಡಿದವರೂ ಇದರಲ್ಲಿ ತಡವರಿಸಿದ್ದನ್ನು ನೋಡಿದ್ದೇನೆ. ಬೇಸಿಕ್ ಎಂಬ ಹೆಸರು ಕೇಳಿ ಬೇಸರ ಮಾಡಿಕೊಳ್ಳುವವರಿದ್ದಾರೆ. ಅವರಿಗೆ ಅಕ್ಕನ ಫೋನ್ ನಂಬರ್ ಕೊಡುತ್ತೇನೆ, ಅವರೇ ಮಾತಾಡುತ್ತಾರೆ.

ಈಗಿನ ಆತಂಕ ಬೇರೆ. ಮೊದಲೆಲ್ಲ ಇಎಡಿ ಕಾರ್ಡ್ ನವೀಕರಣಕ್ಕೆ ಅರ್ಜಿ ಹಾಕಿದರೆ, ಉತ್ತರ ಬರುವ ತನಕ ಒಂದು ಮಿತಿಯವರೆಗೆ ಹಳೆಯ ಕಾರ್ಡಿನ ಮೇಲೆಯೇ ಕೆಲಸ ಮುಂದುವರಿಸಲು ಅವಕಾಶ ಸಿಗುತ್ತಿತ್ತು. 2025ರ ಅಕ್ಟೋಬರ್ 30ರಿಂದ ಹಾಕುವ ಅರ್ಜಿಗಳಿಗೆ ಆ ಅನುಕೂಲ ತೆಗೆದಿದ್ದಾರೆ. ಹೊಸ ಕಾರ್ಡ್ ತಡವಾದರೆ ಕೆಲಸ ನಿಲ್ಲಿಸಬೇಕು. ಅಕ್ಕ ಗಡುವಿಗೆ ಆರು ತಿಂಗಳ ಮೊದಲೇ ಕಾಗದ ಜೋಡಿಸಲು ಕೂತರು. ಪಾಸ್‌ಪೋರ್ಟ್, ದೇಶಕ್ಕೆ ಬಂದ ದಾಖಲೆಯಾದ ಐ-94, ಮದುವೆಯ ಸರ್ಟಿಫಿಕೇಟ್, ಹಳೆಯ ಕಾರ್ಡ್, ಎಲ್ಲವನ್ನೂ ಸ್ಕ್ಯಾನ್ ಮಾಡಿ ಹೆಸರಿಟ್ಟರು. ಆವತ್ತು ನಾನು ಅವರ ಮನೆಯಲ್ಲೇ ಇದ್ದೆ. ವೀಸಾ ಅರ್ಜಿ ಮಂಜೂರಾದ ಪತ್ರ ಐ-797ರ ಪ್ರತಿ ಎಲ್ಲಿಟ್ಟೆನೋ ಎಂದು ಭಾವ ತಮ್ಮ ಮೇಲ್‌ನಲ್ಲಿ ಹುಡುಕುತ್ತಿದ್ದರು. ಅಕ್ಕ ಚಹಾದ ಲೋಟ ಕೆಳಗಿಟ್ಟು ಲ್ಯಾಪ್‌ಟಾಪ್ ತಿರುಗಿಸಿದರು. 2023, ವೀಸಾ, ಅವರದ್ದು ಎಂಬ ಫೋಲ್ಡರು. ಅದರಲ್ಲಿ ಮೂರನೆಯ ಫೈಲು.